ಎಂಜಲು ತಾಗಿಸದ ಮುಖ

ಗೌರಿ, ಚೇತನ್, ಸಿಂಗಪುರದಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ನೀವು ಕೇಳಿದಾಗಲೆಲ್ಲ "ಹಳೇ ಚಿತ್ರ ಒರೆಸ್ತಿದ್ದೆ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು 2014. ನಿಮ್ಮಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಬೆಡೋಕ್‌ನ ಮನೆಯಿಂದ ಬಸ್ಸು ಹಿಡಿದು ಉಬಿಯ ಒಂದು ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಹಳೆಯ ತೈಲಚಿತ್ರಗಳನ್ನು ದುರಸ್ತಿ ಮಾಡುವ ಜಾಗ ಅದು. ನಾನು ಸೇರಿದ್ದು ನೆಲ ಒರೆಸಲು. ನಾನು ಹೊಲಿದ ಕೌದಿಯನ್ನು ನೋಡಿದ ಮೇಲೆ ಒಡತಿ ಮಿಸೆಸ್ ಲಿಮ್ ನನ್ನನ್ನು ಮೇಜಿನ ಮುಂದೆ ಕೂರಿಸಿದರು. ಹರಿದ ಕ್ಯಾನ್ವಾಸಿನ ಎಳೆಗಳನ್ನು ಭೂತಗನ್ನಡಿಯ ಕೆಳಗೆ ಒಂದೊಂದಾಗಿ ಕೂಡಿಸುವುದು, ಕೊಳೆ ತೆಗೆಯುವುದು ನನ್ನ ಪಾಲಿಗೆ ಬಂತು. ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳಿಗೆ ಅದೇ ದೊಡ್ಡದು. ನನಗೆ ಕಲಿಸಿದವಳು ಮೈಸೂರಿನ ಸವಿತಾ. ಈ ವಿದ್ಯೆಯನ್ನು ಕಾಲೇಜಿನಲ್ಲಿ ಓದಿ, ವರ್ಕ್ ಪಾಸ್ ಮೇಲೆ ಬಂದವಳು.

ಕೊಳೆ ತೆಗೆಯುವ ರೀತಿ ಕೇಳಿದರೆ ನಿಮಗೆ ಅಸಹ್ಯವಾದೀತು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಆ ಎಂಜಲಿನಿಂದ ಮೆಲ್ಲಗೆ ಉರುಳಿಸಬೇಕು. ಬಣ್ಣಕ್ಕೆ ನೋವಾಗದಂತೆ ಕೊಳೆಯನ್ನಷ್ಟೇ ಎತ್ತುವ ಗುಣ ಎಂಜಲಿಗಿದೆ.

"ಆಂಟಿ, ನಿಮ್ಮ ಬಾಯಲ್ಲೇ ಲ್ಯಾಬ್ ಇದೆ. ಕಾಫಿ ಕುಡಿದು ಮಾತ್ರ ಕೂತ್ಕೋಬೇಡಿ" ಎಂದು ಸವಿತಾ ನಗುತ್ತಿದ್ದಳು. ಹಡಗಿನ ಚಿತ್ರ, ಸಾಹೇಬರ ಚಿತ್ರ, ಎಷ್ಟನ್ನೋ ಹಾಗೆ ಒರೆಸಿದ್ದೆ.

ಆ ವರ್ಷ ಬಂದದ್ದು ಮೂರಡಿ ಅಗಲ, ನಾಲ್ಕಡಿ ಎತ್ತರದ ಬರೋಕ್ ಕಾಲದ, ಅಂದರೆ ಮುನ್ನೂರೈವತ್ತು ವರ್ಷದಷ್ಟು ಹಳೆಯ ಚಿತ್ರ. ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮೇರಿ ಮಾತೆ. ಬರೆದವನು ಇಟಲಿಯ ನೇಪಲ್ಸ್ ಊರಿನವನು; ಅವನ ಹೆಸರಿಗೆ ನನ್ನ ನಾಲಿಗೆ ಹೊರಳದೆ ನೇಪಲ್ಸಿನವನು ಎಂದೇ ಎನ್ನುತ್ತಿದ್ದೆ. ಚಿತ್ರದ ಜೊತೆ ಬಂದ ಕಾಗದಗಳನ್ನು ಓದಿ ಸವಿತಾ ಅವನ ಬಾಳನ್ನು ನನಗೆ ಹೇಳಿದಳು. ಮೀನು ಮಾರುವವರನ್ನೂ ಕುರುಡ ಭಿಕ್ಷುಕರನ್ನೂ ಕೂರಿಸಿಕೊಂಡು ಸಂತರನ್ನು ಬರೆಯುತ್ತಿದ್ದನಂತೆ. ಸುತ್ತ ಕತ್ತಲು, ಒಂದೇ ಕಡೆಯಿಂದ ಬೆಳಕು. ಊರಿಗೆ ಪ್ಲೇಗ್ ಬಂದು ಹೆಂಡತಿಯೂ ಮಗನೂ ಒಂದೇ ವಾರದಲ್ಲಿ ಹೋದರು. ಯಾವ ಗುಂಡಿಗೆ ಹಾಕಿದರೆಂದೂ ಅವನಿಗೆ ತಿಳಿಯಲಿಲ್ಲ. ಆಮೇಲೆ ಬರೆದದ್ದು ಇದೊಂದೇ. ಮಾತೆಗೆ ಕೊಟ್ಟದ್ದು ಹೆಂಡತಿಯ ಮುಖ. ಅವಳ ಕೆನ್ನೆಯ ನೆರಳನ್ನು ಗ್ಲೇಜ್‌ನಿಂದ ತಂದಿದ್ದ. ಗ್ಲೇಜ್ ಎಂದರೆ ಕೆಳಗಿನದು ಕಾಣುವಷ್ಟು ತೆಳುವಾದ ಬಣ್ಣದ ಪದರ.

ಮುಖದ ಕೆಲಸ ಸವಿತಾಳ ಹೆಸರಿನಲ್ಲಿತ್ತು. ಮೂಲೆಯಲ್ಲಿ ಎಂಜಲು ತಾಗಿಸಿ ಪರೀಕ್ಷಿಸಿ, ಅಪಾಯವಿಲ್ಲವೆಂದು ಸಹಿ ಮಾಡಿದ್ದಳು. ಒಂದು ಗುರುವಾರ ಎಡಗೆನ್ನೆಯನ್ನು ನನಗೆ ಒಪ್ಪಿಸಿ ಬೇರೆ ಕೆಲಸಕ್ಕೆ ಊರಿನ ಇನ್ನೊಂದು ತುದಿಯ ಬೂನ್ ಲೇಗೆ ಹೋದಳು.

ನನ್ನ ಕೈ ಏಳಲಿಲ್ಲ. ದೇವರ ಮುಖಕ್ಕೆ ಎಂಜಲೇ? ಬೇರೆಯವರ ದೇವರಾದರೇನು, ತಾಯಿ ತಾಯಿಯೇ. ಈ ದಿನ ಬರುತ್ತದೆಂದು ಗೊತ್ತಿದ್ದು, ಮನೆಯಲ್ಲಿ ಬೆಳ್ಳಿ ಲಿಂಗ ತೊಳೆಯುವ ಅಂಟುವಾಳದ ನೀರನ್ನು ಸಣ್ಣ ಸೀಸೆಯಲ್ಲಿ ತಂದಿದ್ದೆ. ಅದನ್ನೇ ಹತ್ತಿಗೆ ಹಾಕಿದೆ. ಮೊದಲು ಕಂದು ಬಂತು. ಕೊಳೆ ಎಂದುಕೊಂಡು ಇನ್ನೊಮ್ಮೆ ಉರುಳಿಸಿದೆ. ಆಗ ಬಂದದ್ದು ನಸುಗೆಂಪು. ಕೆನ್ನೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಸುಣ್ಣದಂತೆ ಬೆಳ್ಳಗಾಗಿತ್ತು. ಹತ್ತಿಗೆ ಬಂದದ್ದು ಕೊಳೆಯಲ್ಲ, ಅವನ ಗ್ಲೇಜ್.

ಮರುದಿನ ಬೆಳಗ್ಗೆ ಮಿಸೆಸ್ ಲಿಮ್ ದೀಪ ಹಿಡಿದು ನೋಡಿದರು. ಸವಿತಾ ನನ್ನನ್ನು ಪಕ್ಕಕ್ಕೆ ಕರೆದಳು.

"ಆಂಟಿ, ನಿಜ ಹೇಳಿ. ಎಂಜಲು ಬಿಟ್ಟು ಬೇರೇನಾದ್ರೂ ಯೂಸ್ ಮಾಡಿದ್ರಾ?"

"ಇಲ್ಲವ್ವ" ಎಂದೆ.

ಅವಳು ನಂಬಿದಳು. "ಹಾಗಾದ್ರೆ ನನ್ನ ಟೆಸ್ಟೇ ತಪ್ಪು" ಎಂದು ತನಗೆ ತಾನೇ ಹೇಳಿಕೊಂಡಳು. ಲಿಮ್ ಮೇಡಂ ಹತ್ತಿರ ಹೋಗಿ ಹಾಗೆಯೇ ಒಪ್ಪಿಕೊಂಡಳು. ಪರೀಕ್ಷೆ ಸರಿಯಾಗಿ ಮಾಡಲಿಲ್ಲವೆಂಬ ವರದಿ ಅಂದೇ ಚಿತ್ರದ ಮಾಲೀಕರಿಗೆ ಹೋಯಿತು. ಅವಳ ಕೆಲಸವೂ ಹೋಯಿತು. ಕೆಲಸ ಹೋದರೆ ವರ್ಕ್ ಪಾಸ್ ರದ್ದು, ಪಾಸ್ ರದ್ದಾದರೆ ದೇಶ ಬಿಡಬೇಕು.

ಶನಿವಾರ, ಭಾನುವಾರ ನನಗೆ ಅನ್ನ ಸೇರಲಿಲ್ಲ. ಸೋಮವಾರ ಸೀಸೆಯನ್ನು ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸೀಸೆಯನ್ನು ಮೂಸಿ ನೋಡಿದರು.

"ಶುಕ್ರವಾರವೇ ಹೇಳಬೇಕಿತ್ತು. ಈಗ ವರದಿ ಬದಲಿಸಿದರೆ ನಮ್ಮ ಕಾಗದಗಳನ್ನು ಇನ್ನು ಯಾರು ನಂಬುತ್ತಾರೆ?"

ಅವರು ಬದಲಿಸಲಿಲ್ಲ. ನನ್ನನ್ನು ಮತ್ತೆ ನೆಲ ಒರೆಸಲು ಹಾಕಿದರು. ಕೆನ್ನೆಗೆ ಬೇರೆಯವರು ಬಣ್ಣ ತುಂಬಿದರು. ಒಪ್ಪವಾಗಿಯೇ ಕಾಣುತ್ತಿತ್ತು. ಆದರೆ ನೇಪಲ್ಸಿನವನು ಹೆಂಡತಿಯನ್ನು ನೆನೆದು ಬರೆದ ಕೆನ್ನೆ ಅದಲ್ಲ.

ಸವಿತಾ ಹೊರಡುವ ಮುಂಚೆ ಅವಳ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ ಕಾದು ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

"ಎಂಜಲು ಮನಸ್ಸಿಗೆ ಒಗ್ಗಲ್ಲ ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲ ಆಂಟಿ. ಆ ಕೆನ್ನೆ ನಾನೇ ಮಾಡ್ತಿದ್ದೆ."

ಅವಳು ಲಿಫ್ಟ್ ಹತ್ತಿದಳು, ಬಾಗಿಲು ಮುಚ್ಚಿತು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಮಕ್ಕಳೇ, ನನ್ನ ನಂಬಿಕೆ ಆ ಚಿತ್ರವನ್ನು ಕೆಡಿಸಲಿಲ್ಲ. ಅದನ್ನು ಹೇಳಲು ನಾಚಿ ಬಚ್ಚಿಟ್ಟದ್ದು ಕೆಡಿಸಿತು. ಸವಿತಾಳನ್ನು ಕೆಡಿಸಿದ್ದು ಮಾತ್ರ ನನ್ನ "ಇಲ್ಲವ್ವ". ಕೈ ತಪ್ಪಿದರೆ ಆ ಗಳಿಗೆಯಲ್ಲೇ ಹೇಳಿ. ಆಮೇಲೆ ಹೇಳಿದ ನಿಜ ಹೇಳಿದವರ ಎದೆಯನ್ನಷ್ಟೇ ಹಗುರ ಮಾಡುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ತಪ್ಪು ಸವಿತಾಳದಲ್ಲ ಎಂದು ಬರೆದ ಕಾಗದ ಲೋಕದಲ್ಲಿ ಇದೊಂದೇ.