ಕುಡಿದುಬಿಡಿ, ಸಾರೇ

ಮನುಷ್ಯ ತನ್ನ ಚಟಕ್ಕೆ ಒಡೆಯನೋ, ಆಳೋ ಎಂಬುದು ಬಹಳ ಗಂಭೀರವಾದ ಪ್ರಶ್ನೆ. ದೊಡ್ಡ ದೊಡ್ಡವರು ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ. ನಾನೂ ಸ್ವಲ್ಪ ಕೆಡಿಸಿಕೊಳ್ಳೋಣವೆಂದು ಜಗಲಿಯಲ್ಲಿ ಕುಳಿತೆ. ಕಾಫಿ ಇಲ್ಲದೆ ತಲೆ ಓಡಲಿಲ್ಲ.

ನನ್ನ ಚಟ ಯಾವುದೆಂದು ಈಗ ನಿಮಗೆ ಗೊತ್ತಾಯಿತು.

ಕಾಫಿಯೂ ಒಂದು ಚಟವೇ ಎಂದು ಕೇಳುವವರು ನಮ್ಮ ಜಿಲ್ಲೆಯವರೇ ಆಗಿರಬೇಕು. ನಾವು ಬೆಳೆಯುವುದು ಅದನ್ನೇ, ಮಾರುವುದು ಅದನ್ನೇ, ಮನೆಗೆ ಬಂದವರ ಕೈಗೆ ಕೊಡುವುದೂ ಅದನ್ನೇ. (ಆಗದವರು ಬಂದರೂ ಕೊಡಬೇಕು. ಬೆಲ್ಲ ಸ್ವಲ್ಪ ಹಿಡಿದು ಹಾಕಬಹುದು.) ಆದರೆ ನನ್ನ ಹೊಟ್ಟೆಗೆ ಜಿಲ್ಲಾಭಿಮಾನ ಸಾಲದು. ಉರಿ, ಹುಳಿತೇಗು, ಊಟವಾದ ಮೇಲೆ ಒಳಗೊಳಗೇ ಒಂದು ಸಂಕಟ. "ಮೇಷ್ಟ್ರೇ, ಇದು ಹುಣ್ಣಿಗೆ ತಿರುಗ್ತದೆ. ಕಾಫಿ ನಿಲ್ಲಿಸಿ" ಎಂದು ಡಾಕ್ಟರ್ ಬೋಪಯ್ಯನವರು ಹೇಳುತ್ತಲೇ ಇದ್ದರು. ನಾನು ಕೇಳುತ್ತಲೇ ಇದ್ದೆ. ಕೇಳುವುದೆಂದರೆ, ಕಿವಿಯಿಂದ.

ಹೀಗಿರುವಾಗ ಮಡಿಕೇರಿಯಲ್ಲಿ ಒಂದು ತರಬೇತಿ ಶುರುವಾಯಿತು. ಎಸ್ಟೇಟು ಡಿಸ್ಪೆನ್ಸರಿಗಳ ನರ್ಸುಗಳು, ಹಳ್ಳಿಗಳ ಕಾಂಪೌಂಡರುಗಳು, ಹೆಲ್ತ್ ಇನ್‌ಸ್ಪೆಕ್ಟರುಗಳು, ಎಲ್ಲರೂ ಬೆಂಚಿನ ಮೇಲೆ ಕೂರಬೇಕು. ಪಾಠ ಹೇಳಲು ಮೈಸೂರಿನಿಂದ ಒಬ್ಬ ಡಾಕ್ಟರು. (ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಲ್ಲಿಂದ ನಮಗೆ ಹೇರಳವಾಗಿ ಬರುತ್ತಿರುವ ವಸ್ತುವೆಂದರೆ ಉಪನ್ಯಾಸ.) ವಿಷಯ: ರೋಗಿಯ ಕೆಟ್ಟ ಅಭ್ಯಾಸವನ್ನು ಬಿಡಿಸುವುದು ಹೇಗೆ?

ಅವರ ಸಿದ್ಧಾಂತ ಸರಳ. ರೋಗಿಯನ್ನು ಗದರಬಾರದು. ಹೆದರಿಸಬಾರದು. ಅದನ್ನು ಬಿಡು, ಇದನ್ನು ಬಿಡು ಎಂದು ಅಪ್ಪಣೆ ಮಾಡಬಾರದು. ಅವನ ಮಾತು ಕೇಳುತ್ತಾ ಕೂರಬೇಕು. "ಬಿಡುತ್ತೇನೆ" ಎಂಬ ಮಾತು ಅವನ ಬಾಯಿಂದಲೇ ಬರಬೇಕು. "ಯಾರೂ ಯಾರಿಗೂ ಅಪ್ಪಣೆ ಮಾಡಕೂಡದು" ಎಂದು ಅವರು ಮೇಜು ಕುಟ್ಟಿ ಅಪ್ಪಣೆ ಮಾಡಿದರಂತೆ.

ಪಾಠದ ಜೊತೆಗೆ ಪ್ರಾಕ್ಟಿಕಲ್ಲು ಬೇಡವೇ? ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಚಟಗಾರ ಬೇಕು. ಆ ಸಾಮಗ್ರಿಗೆ ನಮ್ಮ ಊರಿನಲ್ಲಿ ಕೊರತೆಯಿಲ್ಲ. ಬೋಪಯ್ಯನವರು ಹುಡುಕಿ ಕೊಟ್ಟರು: ನಶ್ಯದವರೊಬ್ಬರು, ಸಿಗರೇಟಿನವರೊಬ್ಬರು, ಹಂದಿಮಾಂಸ ಕಂಡರೆ ರಕ್ತದೊತ್ತಡ ಮರೆಯುವವರೊಬ್ಬರು. ಕಾಫಿ ವಿಭಾಗಕ್ಕೆ ನಾನು.

ನನ್ನ ಪಾಲಿಗೆ ಬಂದವರು ಸಿಸ್ಟರ್ ಏಲಿಯಮ್ಮ. ಕೇರಳದವರು, ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕೆಲಸ. ಕನ್ನಡವನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಂದ ಅರ್ಧ, ಕೂಲಿಯವರ ಲೈನುಮನೆಗಳಿಂದ ಅರ್ಧ ಕಲಿತಿದ್ದರು. ಎರಡು ಅರ್ಧ ಸೇರಿ ಒಂದಾಗಿರಲಿಲ್ಲ. ಮಿಕ್ಕದ್ದನ್ನು ಧೈರ್ಯದಿಂದ ತುಂಬಿಸಿಕೊಳ್ಳುತ್ತಿದ್ದರು.

ಮೊದಲ ದಿನವೇ ನನ್ನ ಹೆಂಡತಿ ಜಾನಕಿಯ ಹತ್ತಿರ ಅವರು ಕಷ್ಟ ಹೇಳಿಕೊಂಡರು. ಮ್ಯಾನೇಜರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ಈ ತರಬೇತಿಯಲ್ಲಿ ಪಾಸಾದರೆ ಕೆಲಸ, ಇಲ್ಲವಾದರೆ ಊರಿನ ಬಸ್ಸು. ಕಾರಣ? ಇವರು ಬಂದ ಮೇಲೆ ಲೈನಿನಲ್ಲಿ ಕೆಮ್ಮೂ ಹೆಚ್ಚಾಗಿದೆ, ಬೀಡಿಯೂ ಹೆಚ್ಚಾಗಿದೆ.

"ನಾನು ದಿನಾ ಹೇಳ್ತೇನೆ ಅಮ್ಮ. ಎಲ್ಲರೂ ತಲೆ ಆಡಿಸ್ತಾರೆ. ಆಚೆ ಹೋಗಿ ಸೇದ್ತಾರೆ."

"ಗಂಡಸರೇ ಹಾಗೆ" ಎಂದಳು ಜಾನಕಿ, ನನ್ನನ್ನು ನೋಡುತ್ತಾ.

ಆಮೇಲೆ ನಮ್ಮಿಬ್ಬರ ಮುಂದೆಯೂ ಕಾಫಿ ತಂದಿಟ್ಟಳು. ಬಂದವರಿಗೆ ಕೊಡದಿರುವುದು ಹೇಗೆ? ಸಿಸ್ಟರ್ ಸಂಕೋಚದಿಂದ ಒಂದು ಗುಟುಕು ಕುಡಿದು, ಪಾಠದ ಪ್ರಕಾರ ನನ್ನನ್ನು ಕೇಳಿದರು. ಯಾವಾಗ ಬೇಕೆನ್ನಿಸುತ್ತದೆ? ಕುಡಿದ ಮೇಲೆ ಹೇಗನ್ನಿಸುತ್ತದೆ? ನಾನು ವಿಸ್ತಾರವಾಗಿ ಉತ್ತರಿಸಿದೆ. ನಲವತ್ತು ವರ್ಷ ಕನ್ನಡ ಪಂಡಿತನಾಗಿದ್ದ ನನ್ನನ್ನು ಯಾರಾದರೂ ಪ್ರಶ್ನೆ ಕೇಳಿ ಸುಮ್ಮನೆ ಕೂತದ್ದು ಅದೇ ಮೊದಲು.

ಕೊನೆಗೆ ಅವರು ಎದ್ದು ನಿಂತು, ಕೈ ಮುಗಿದು, ಬಹಳ ಕಳಕಳಿಯಿಂದ ಹೇಳಿದರು:

"ಸಾರೇ, ಹೊಟ್ಟೆ ಹಾಳಾಗ್ತದೆ. ಕಾಫಿ ಕುಡಿದುಬಿಡಿ."

ನಾನು ಅವರ ಮುಖ ನೋಡಿದೆ. ತಮಾಷೆಯ ಗುರುತಿಲ್ಲ. ಓಹೋ, ಇದೇ ಇರಬೇಕು ಮೈಸೂರಿನ ಹೊಸ ಶಾಸ್ತ್ರ, ರೋಗಿಗೆ ಎದುರಾಡದ ಚಿಕಿತ್ಸೆ ಎಂದುಕೊಂಡೆ. ವಿಜ್ಞಾನಕ್ಕೆ ಅಡ್ಡಿ ಬರಬಾರದೆಂದು ಲೋಟ ಖಾಲಿ ಮಾಡಿದೆ. ಸಿಸ್ಟರ ಮುಖ ಬಾಡಿತು.

ಮಾರನೆಯ ದಿನವೂ ಬಂದರು. ಪ್ರಶ್ನೆ, ಉತ್ತರ, ಕೈ ಮುಗಿಯುವುದು. "ದಯವಿಟ್ಟು ಸಾರೇ, ಕುಡಿದುಬಿಡಿ." ಕುಡಿದೆ. "ಇಷ್ಟು ಹೇಳ್ತಾ ಇದ್ದೇನಲ್ಲ, ಕುಡಿದುಬಿಡಿ." ಜಾನಕಿ ಇನ್ನೊಂದು ಲೋಟ ಬಗ್ಗಿಸಿದಳು. "ಡಾಕ್ಟರ ಪೈಕಿಯವರೇ ಇಷ್ಟು ಒತ್ತಾಯ ಮಾಡ್ತಾರಲ್ಲ ರೀ, ಕುಡೀರಿ" ಎಂದಳು. ಅದನ್ನೂ ಕುಡಿದೆ.

ಒಂದು ವಿಚಿತ್ರ ನೋಡಿ. ಬೇಡ ಎನ್ನುವವರ ಕಣ್ಣು ತಪ್ಪಿಸಿ ಕುಡಿದ ಕಾಫಿಗೆ ಇರುವ ರುಚಿ, ಕುಡಿ ಕುಡಿ ಎನ್ನುವವರ ಎದುರು ಕುಡಿದ ಕಾಫಿಗೆ ಇಲ್ಲ. ನಮಗೆ ಬೇಕಾಗಿರುವುದು ಚಟವೋ, ಅದನ್ನು ಬೇಡ ಎನ್ನುವ ಒಬ್ಬ ಮನುಷ್ಯನೋ? ಎಷ್ಟು ಜನ ಗಂಡಂದಿರು ಹೆಂಡತಿ ತವರಿಗೆ ಹೋದ ವಾರದಲ್ಲಿ ಸಿಗರೇಟು ಸಪ್ಪೆಯಾಯಿತು ಎಂದು ನನ್ನೊಡನೆ ಹೇಳಿಲ್ಲ?

ಮೂರನೆಯ ದಿನ ಸಿಸ್ಟರ್ ಬರುವ ಹೊತ್ತಿಗೆ ಚಾಪೆಯ ಮೇಲೆ ಬಾಗಿ ಬಿದ್ದಿದ್ದೆ. ಹೊಟ್ಟೆಯಲ್ಲಿ ಯಾರೋ ಕೆಂಡ ಕೆದಕುತ್ತಿದ್ದಂತೆ. ಅವರು ಪ್ರಶ್ನೆಗಳನ್ನೆಲ್ಲ ಬಿಟ್ಟು ನಾಡಿ ನೋಡಿದರು, ಚೀಲದಿಂದ ಬಿಳಿ ಔಷಧಿ ತೆಗೆದು ಕುಡಿಸಿದರು, ಪಕ್ಕದಲ್ಲೇ ಕೂತರು. ನೋವು ಸ್ವಲ್ಪ ಇಳಿದಾಗ ನೋಡುತ್ತೇನೆ, ಅಳುತ್ತಿದ್ದಾರೆ.

"ಬಂದ ದಿನದಿಂದ ಹೇಳ್ತಾ ಇದ್ದೇನೆ ಸಾರೇ, ಕುಡಿದುಬಿಡಿ, ಕುಡಿದುಬಿಡಿ ಅಂತ. ನೀವು ಕೇಳಲೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಜಾನಕಿ ಹೇಳಿದಳು: "ಕೇಳಿದ್ದಕ್ಕೇ ಅಲ್ವೇನಮ್ಮ ಹೀಗಾದದ್ದು?"

ಆಗ ನನ್ನೊಳಗಿನ ಪಂಡಿತ ಚಾಪೆಯ ಮೇಲೇ ಎದ್ದು ಕುಳಿತ. "ಸಿಸ್ಟರೇ, ಲೈನಿನಲ್ಲಿ ಬೀಡಿಯವರಿಗೆ ಏನು ಹೇಳ್ತೀರಿ?"

"ಬೀಡಿ ಸೇದಿಬಿಡಿ ಅಂತ."

ಪಾಪ, ಆ ಜನರದ್ದೇನು ತಪ್ಪು? ಬಿಳಿ ಟೋಪಿ ಹಾಕಿದ ಸಿಸ್ಟರೇ ಕೈ ಮುಗಿದು ಸೇದಿಬಿಡಿ ಎಂದರೆ ಯಾರು ಮೀರಿಯಾರು? ಕೈಯಲ್ಲಿದ್ದ ಅರ್ಧ ಬೀಡಿಯನ್ನೂ ಮುಗಿಸಿಯೇ ಹೋಗಿದ್ದಾರೆ, ವಿಧೇಯರು. ನಾನು ವ್ಯಾಕರಣ ಹೇಳಿದೆ. "ಕುಡಿಯುವುದನ್ನು ಬಿಡಿ" ಎಂದರೆ ನಿಲ್ಲಿಸಿ. "ಕುಡಿದುಬಿಡಿ" ಎಂದರೆ ಲೋಟದಲ್ಲಿ ಏನೂ ಉಳಿಸಬೇಡಿ. ಅದೇ "ಬಿಡಿ". ಕೂರುವ ಜಾಗ ಮಾತ್ರ ಬೇರೆ.

ಸಿಸ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುವೆಂದುಕೊಂಡೆವು, ನಗುವಾಗಿತ್ತು. ಜಾನಕಿ ಬಾಗಿಲು ಹಿಡಿದುಕೊಂಡು ನಕ್ಕಳು. ನನಗೆ ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕೆ.

"ಈಗ ಸರಿಯಾಗಿ ಹೇಳಲಾ ಸಾರೇ?"

"ಬೇಡ ತಾಯಿ" ಎಂದೆ. "ನಾನೇ ಹೇಳ್ತೇನೆ. ಬಿಟ್ಟೆ."

ಅವರ ನಗು ನಿಂತಿತು. "ನಾಳೆ ಪರೀಕ್ಷೆ. ಡಾಕ್ಟರು ನಿಮ್ಮನ್ನೇ ಕೇಳ್ತಾರೆ, ನಾನು ಏನು ಹೇಳಿದೆ ಅಂತ."

ಕೇಳಿಯೇ ಕೇಳಿದರು. ತರಗತಿಯೆಲ್ಲ ತುಂಬಿತ್ತು. ಸಿಗರೇಟಿನವರ ಪಾಳಿ ಮುಗಿದಿತ್ತು. ಮೊದಲಿಗಿಂತ ಹೆಚ್ಚಾಗಿದೆ ಎಂದು ಅವರು ಪ್ರಾಮಾಣಿಕವಾಗಿ ಹೇಳಿ ಕೂತಿದ್ದರು. ನನ್ನನ್ನು ಎಬ್ಬಿಸಿದರು.

"ಕಾಫಿ?"

"ಬಿಟ್ಟಿದ್ದೇನೆ."

ಬೋಪಯ್ಯನವರು ಕುರ್ಚಿಯಲ್ಲಿ ನೆಟ್ಟಗಾದರು. ಮೈಸೂರು ಡಾಕ್ಟರು ಮುಂದೆ ಬಂದರು. "ಸಿಸ್ಟರು ನಿಮ್ಮನ್ನು ಗದರಿಸಿದರೇ?"

"ಇಲ್ಲ."

"ಕಾಫಿ ನಿಲ್ಲಿಸಿ ಎಂದು ಅಪ್ಪಣೆ ಮಾಡಿದರೇ?"

"ಒಂದು ಸಲವೂ ಇಲ್ಲ."

"ಮತ್ತೆ ಏನು ಹೇಳಿದರು?"

ಏಲಿಯಮ್ಮ ಬೆಂಚಿನ ಅಂಚು ಹಿಡಿದುಕೊಂಡರು. ನನಗೆ ಸುಳ್ಳು ಹೇಳುವ ಅಭ್ಯಾಸ ಸಾಲದು. ಅದನ್ನು ಬೆಳೆಸಿಕೊಳ್ಳಲು ಹೊತ್ತೂ ಇರಲಿಲ್ಲ.

"ಕುಡಿದುಬಿಡಿ ಎಂದರು."

ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಏಲಿಯಮ್ಮನವರನ್ನು ದೀರ್ಘವಾಗಿ ನೋಡಿದರು. ಆಮೇಲೆ ತರಗತಿಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ನೋಡಿದಿರಾ? ನಾನು ಇಷ್ಟು ದಿನ ಬಡಿದುಕೊಂಡದ್ದು ಇದನ್ನೇ. ರೋಗಿಗೆ ಪೂರ್ಣ ಸ್ವಾತಂತ್ರ್ಯ. ಅದರ ಭಾರಕ್ಕೇ ಅವನು ಬಗ್ಗುತ್ತಾನೆ. ಇಷ್ಟು ಧೈರ್ಯ ನನಗೂ ಇಲ್ಲ."

ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ "ಕುಡಿದುಬಿಡಿ" ಎಂದು ಬರೆದು ಕೆಳಗೆ ಗೆರೆ ಎಳೆದರು. ಬಾಳೆಲೆಯ ಕಾಂಪೌಂಡರು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದುದನ್ನು ಕಂಡೆ. ಆ ಕಡೆಯ ರೋಗಿಗಳನ್ನು ದೇವರೇ ಕಾಪಾಡಬೇಕು.

ಸಿಸ್ಟರ್ ಏಲಿಯಮ್ಮ ತರಗತಿಗೆ ಮೊದಲಿಗರಾಗಿ ಪಾಸಾದರು. ಸೋಮವಾರ ಪಾಲಿಬೆಟ್ಟದಲ್ಲಿ ಕೆಲಸಕ್ಕೆ ಹಾಜರಾದರು.