ಒಂದೇ ಬಟ್ಟಲಿನ ಟೀ

ನಮ್ಮ ಚಿಕ್ಕಪ್ಪ ಯೋಗನರಸಿಂಹ ಚಿಂತಾಮಣಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ತಿರುಪತಿ ಬಿಟ್ಟು ಆಚೆ ಹೋದವರಲ್ಲ, ಆದರೆ ಫೋನಿನಲ್ಲಿ ನೋಡಿ ನೋಡಿ ಅರ್ಧ ಜಪಾನಿನವರಾಗಿಬಿಟ್ಟಿದ್ದಾರೆ. ಊರಾಚೆಯ ಬಂಡೆಬೆಟ್ಟವನ್ನು ಹಾಳೆಯ ಮೂಲೆಯಲ್ಲಿ ನಾಲ್ಕೇ ಗೆರೆಯಲ್ಲಿ ಬರೆದು, ಮಿಕ್ಕಿದ್ದನ್ನು ಖಾಲಿ ಬಿಡುತ್ತಾರೆ. "ಬಾಕಿ ಯಾವಾಗ ಬರೀತೀರ ಮೇಷ್ಟ್ರೇ?" ಎಂದರೆ, "ಆ ಬಾಕೀನೇ ಚಿತ್ರ ಕಣಪ್ಪ" ಅನ್ನುತ್ತಾರೆ. ಇಂಥವರ ಜೊತೆ ಬಾಳುವ ನಮ್ಮ ಚಿಕ್ಕಮ್ಮ ಗೋದಮ್ಮನಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಹೋದ ವರ್ಷ ಈ ಹುಚ್ಚು ಕಾಂಪೌಂಡ್ ದಾಟಿತು. ಹಜಾರದಿಂದ ಬೆಟ್ಟ ಕಾಣಲಿ ಎಂದು ಪಕ್ಕದ ಮನೆ ರಾಮಲಕ್ಷ್ಮಮ್ಮನ ನುಗ್ಗೇಮರದ ಕೊಂಬೆಯನ್ನು ಕೇಳದೆ ಕಡಿದರು, ಅದೂ ಹೂ ಬಿಟ್ಟಿದ್ದ ಕೊಂಬೆ! ರಾಮಲಕ್ಷ್ಮಮ್ಮ ಕೂಗಾಡಿದರು. ಗಂಡನನ್ನು ಬಿಟ್ಟುಕೊಡಲಾರದೆ ಚಿಕ್ಕಮ್ಮನೂ ಕೂಗಾಡಿದರು. ದಿನಾ ಹಜಾರದಲ್ಲಿ ಜೊತೆಗೆ ಕಾಫಿ ಕುಡಿಯುತ್ತಿದ್ದ ಗೆಳತಿಯರು ಮಾತು ಬಿಟ್ಟರು. ಬೆಟ್ಟವೇನೋ ಚೆನ್ನಾಗಿ ಕಾಣುತ್ತಿತ್ತು. ಅದರ ಮುಂದೆ ಚಿಕ್ಕಮ್ಮ ಒಬ್ಬರೇ ಲೋಟ ಹಿಡಿದು ಕೂತಿರುವುದನ್ನು ನೋಡಿ ಚಿಕ್ಕಪ್ಪ ರಾಜಿಯ ದಾರಿ ಹುಡುಕತೊಡಗಿದರು.

ಕೊನೆಗೆ ಜಪಾನೇ ಉಪಾಯ ಹೇಳಿಕೊಟ್ಟಿತು. "ನಮ್ಮನೆಗೆ ಜಪಾನಿ ಟೀಗೆ ಬನ್ನಿ, ಅದನ್ನ ಕುಡಿಯೋವಾಗ ಯಾರೂ ಮಾತಾಡೋ ಹಾಗೇ ಇಲ್ಲ" ಎಂದು ಚಿಕ್ಕಪ್ಪ ರಾಮಲಕ್ಷ್ಮಮ್ಮನನ್ನು ಕರೆದರು.

"ಹಂಗಾದ್ರೆ ಬರ್ತೀನಿ" ಎಂದರು ಅವರು.

ಚಾಪೆಯ ಮೇಲೆ ರಾಮಲಕ್ಷ್ಮಮ್ಮ, ಚಿಕ್ಕಮ್ಮ, ಕೊನೆಗೆ ನಾನು. ಚಿಕ್ಕಪ್ಪ ಹಸಿರು ಪುಡಿಗೆ ಬಿಸಿನೀರು ಹಾಕಿ, ಬಿದಿರಿನ ಕಡ್ಡಿಕುಂಚದಲ್ಲಿ ಕಲಸಿ, ಮಣ್ಣಿನ ಬಟ್ಟಲೊಂದನ್ನು ಮುಂದಿಟ್ಟು ತಲೆಬಾಗಿದರು. ಎಲ್ಲರೂ ಅದೊಂದರಲ್ಲೇ ಸರದಿಯಂತೆ ಕುಡಿಯಬೇಕಂತೆ. ಲೋಟ ಕಚ್ಚಿ ಕುಡಿದರೆ ಎಂಜಲಾಯಿತೆಂದು ಗದರುವ ಚಿಕ್ಕಮ್ಮನ ಮನೆಯಲ್ಲಿ!

ರಾಮಲಕ್ಷ್ಮಮ್ಮ ಜಗಳದಲ್ಲೂ ಆ ಮರ್ಯಾದೆ ಮರೆತಿರಲಿಲ್ಲ. ಎಂದಿನಂತೆ ಬಟ್ಟಲನ್ನು ತುಟಿಗೆ ಸೋಕಿಸದೆ ಎತ್ತಿ, ಬಾಯಿ ತೆರೆದು ಕಾದರು. ಟೀ ಆರಿದ ರಾಗಿ ಅಂಬಲಿಯಷ್ಟು ಗಟ್ಟಿ, ಇಳಿಯಲಿಲ್ಲ. ಇನ್ನಷ್ಟು ಬಗ್ಗಿಸಿದರು. ಒಂದು ಮುದ್ದೆ ಜಾರಿ ಮೂಗಿನ ಮೇಲೆ ಬಿತ್ತು.

ಚಿಕ್ಕಮ್ಮ ಕಿಸಕ್ಕನೆ ನಕ್ಕುಬಿಟ್ಟರು. ತಮ್ಮ ಸೆರಗಿನಿಂದಲೇ ಆ ಮೂಗು ಒರೆಸುತ್ತಾ, "ಇಷ್ಟು ವರ್ಷ ಎತ್ತಿ ಕುಡಿದಿದ್ದು ಸಾಕು ಕಣೇ, ಕಚ್ಚಿ ಕುಡಿ" ಎಂದರು.

"ಎಂಜಲಾಗುತ್ತಲ್ಲೇ ಗೋದಾ?"

"ಆಗ್ಲಿ ಬಿಡು."

ರಾಮಲಕ್ಷ್ಮಮ್ಮ ಕುಡಿದು ಮುಖ ಕಿವುಚಿದರು. ಚಿಕ್ಕಮ್ಮ ಬಟ್ಟಲು ಇಸಿದುಕೊಂಡು, ಒರೆಸದೆ, ಗೆಳತಿ ಕಚ್ಚಿದ್ದಲ್ಲಿಗೇ ಬಾಯಿಟ್ಟು ಮಿಕ್ಕಿದ್ದನ್ನೆಲ್ಲ ಕುಡಿದರು. ನನ್ನ ಸರದಿ ಬರಲೇ ಇಲ್ಲ.

"ಥೂ, ಕಹಿ! ಬಾರೇ, ಕಾಫಿ ಮಾಡ್ತೀನಿ" ಎಂದು ಗೆಳತಿಯ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಚಿಕ್ಕಪ್ಪ ಖಾಲಿ ಬಟ್ಟಲು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. ರಾಮಲಕ್ಷ್ಮಮ್ಮ ಆ ಅಡುಗೆಮನೆಯ ಹೊಸಿಲು ದಾಟಿದ್ದು ಅದೇ ಮೊದಲು.