ನಡುಗುವ ಕೈಗೆ ದಪ್ಪ ನಿಬ್ಬು

ಪಾಂಡವಪುರದ ದಾರಿಯಲ್ಲಿ ನಾನಿದ್ದ ಬಸ್ಸು ನಾಲೆಯ ಅಂಚಿಗೆ ವಾಲಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಿಟಕಿಯ ಕೆಳಗೇ ಕಂಡ ನೀರು ಈಗಲೂ ಕಣ್ಣ ಮುಂದೆ ಬರುತ್ತದೆ, ಕೈ ನಡುಗುತ್ತದೆ. ನನ್ನ ಹಳೆಯ ಇಂಕ್ ಪೆನ್ನಿನ ಸಣ್ಣ ನಿಬ್ಬು ಕಾಗದ ಹರಿಯತೊಡಗಿತು. ಇನ್ನು ಬರೆಯಲಾರೆನೆಂದು, ಕೂಡಿಟ್ಟ ಪೆನ್ನುಗಳನ್ನೆಲ್ಲ ಕೊಟ್ಟುಬಿಡಲು ಅಕ್ಕಿಹೆಬ್ಬಾಳಿನ ಗೆಳೆಯನನ್ನು ಕರೆದೆ. ಅವನಿಗೂ ಪೆನ್ನು ಕೂಡಿಡುವ ಹುಚ್ಚು.

ಅವನು ಒಂದು ಗೆರೆ ಎಳೆದು ನೋಡಿದ. “ಇದು ನಿನ್ನಂಗೇ ಕಣ್ಲಾ, ಮುಟ್ಟುದ್ರೆ ಗೀರ್ತದೆ. ತಿರುಪಿ ಬಿಚ್ಚಿ ದಪ್ಪ ನಿಬ್ಬು ಹಾಕ್ಕೊ.”

“ಕೈ ನಡುಗ್ತದಲ್ಲೋ?”

“ನಡುಗ್ಲಿ ಬುಡು.”

ನಿಬ್ಬು ಬದಲಿಸಿ, ಬಸ್ಸು ವಾಲಿದ್ದನ್ನೇ ಬರೆದೆ. ನೀರು ಕಂಡ ಮಾತು ಬಂದಾಗ ಕೈ ನಡುಗಿತು. ಆ ನಡುಕ ದಪ್ಪ ಗೆರೆಯೊಳಗೇ ಅಡಗಿತು. ಪುಟ ತುಂಬಿತು. ಅವನಿಗೆಂದು ತೆಗೆದಿಟ್ಟಿದ್ದ ಪೆನ್ನುಗಳನ್ನು ಮತ್ತೆ ನನ್ನ ಡಬ್ಬಿಗೆ ಹಾಕಿದೆ.

“ಹೇಳ್ಕೊಟ್ಟು ಕೆಟ್ಟೆ ಕಣ್ಲಾ,” ಅಂದ ಗೆಳೆಯ, ಕಾಫಿ ಹೀರುತ್ತಾ.